ಸ್ಟ್ಯಾಂಡ್‌ಬೈ ಪೈಲಟ್‌ನ ನಿದ್ದೆ: ಮನೆಯವರು ತಿಳಿದಿರಬೇಕಾದ ವಿಷಯಗಳು

ಪೈಲಟ್ ಇರುವ ಮನೆಯಲ್ಲಿ ಸ್ಟ್ಯಾಂಡ್‌ಬೈ ದಿನ ವಿಚಿತ್ರವಾಗಿರುತ್ತದೆ. ಅವರು ಮನೆಯಲ್ಲೇ ಇರುತ್ತಾರೆ, ಆದರೆ ಅದು ರಜೆಯಲ್ಲ. ಯಾರಾದರೂ ಅಸ್ವಸ್ಥರಾದರೆ ಅಥವಾ ವಿಮಾನ ತಡವಾದರೆ ಫೋನ್ ಬರುತ್ತದೆ, ತಕ್ಷಣ ಹೊರಡಬೇಕು. ಒಂದು ಕಿವಿ ಫೋನಿನ ಕಡೆಗೇ ಇದ್ದರೆ ನಿದ್ದೆ ಆಳವಾಗುವುದಿಲ್ಲ.

ದೇಹದಲ್ಲಿ ಏನಾಗುತ್ತದೆ?

ರಾತ್ರಿ 2ರಿಂದ ಬೆಳಿಗ್ಗೆ 6ರ ನಡುವೆ ನಮ್ಮ ಜೈವಿಕ ಗಡಿಯಾರ ಎಚ್ಚರವನ್ನು ಅತಿ ಕೆಳಮಟ್ಟಕ್ಕೆ ಇಳಿಸುತ್ತದೆ. ಹಗಲಿನ ನಿದ್ದೆ ಇದನ್ನು ಪೂರ್ತಿ ತುಂಬಿಕೊಡುವುದಿಲ್ಲ. ಸತತ 17 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ, ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟು ಮಂದವಾಗಬಹುದು.

ನಿಯಮ ಏನು ಹೇಳುತ್ತದೆ?

ಡಿಜಿಸಿಎಯ ಹೊಸ ನಿಯಮಗಳು 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತಗಳಲ್ಲಿ ಜಾರಿಗೆ ಬಂದವು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಲ್ಯಾಂಡಿಂಗ್‌ಗಳ ಮಿತಿ 6ರಿಂದ 2ಕ್ಕೆ ಇಳಿಯಿತು. ಅಂದರೆ ಅಷ್ಟೇ ವಿಮಾನಗಳಿಗೆ ಹೆಚ್ಚು ಪೈಲಟ್‌ಗಳು ಬೇಕು. ಆ ಸಿದ್ಧತೆ ಸಾಲದೆ ಡಿಸೆಂಬರ್ 5ರಂದು ಒಂದೇ ದಿನ ಇಂಡಿಗೋದ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಬಳಿಕ ರಾತ್ರಿ ಕೆಲಸದ ಕೆಲವು ನಿಯಮಗಳಿಗೆ ತಾತ್ಕಾಲಿಕ ವಿನಾಯಿತಿ ನೀಡಲಾಯಿತು.

ಮೀಸಲು ಪೈಲಟ್‌ಗಳು ಕಡಿಮೆಯಿದ್ದರೆ ಇದ್ದವರಿಗೇ ಪದೇಪದೇ ಕರೆ ಬರುತ್ತದೆ. ಸಾಕಷ್ಟಿದ್ದರೆ ಡ್ಯೂಟಿ ಬದಲಿಸಿಕೊಳ್ಳಬಹುದು, ಮಗುವಿನ ಹುಟ್ಟುಹಬ್ಬಕ್ಕೆ ರಜೆಯೂ ಸಿಗಬಹುದು.

ಮನೆಯವರು ಏನು ಮಾಡಬಹುದು?

• ಮಲಗುವ ಕೋಣೆ ಕತ್ತಲಾಗಿ, ತಂಪಾಗಿರಲಿ. ಕಾಲಿಂಗ್ ಬೆಲ್ ಬಂದ್ ಮಾಡಿ. ಅವರ ಫೋನಿನಲ್ಲಿ ಕಂಪನಿಯ ಕರೆಗೆ ಮಾತ್ರ ರಿಂಗ್ ಆಗುವಂತೆ ಇಡಿ.
• ಸಂಜೆಯ ನಂತರ ಕರೆ ಬರುವ ಸಾಧ್ಯತೆಯಿದ್ದರೆ ಮಧ್ಯಾಹ್ನ ಮಲಗಲು ಬಿಡಿ. ಬ್ಯಾಂಕು, ರೇಷನ್ ಕೆಲಸಗಳನ್ನು ಆ ದಿನ ಹೇಳಬೇಡಿ.
• ರಾತ್ರಿ ಡ್ಯೂಟಿ ಮುಗಿಸಿದವರು ಕಾರು ಓಡಿಸಿಕೊಂಡು ಬರುವುದು ಬೇಡ, ಕ್ಯಾಬ್ ಇರಲಿ.
• ನಿದ್ದೆ ಮಾತ್ರೆ, ಶೀತದ ಮಾತ್ರೆಯನ್ನು ಸ್ವಂತಕ್ಕೆ ಕೊಡಬೇಡಿ. ವೈಮಾನಿಕ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ವೈದ್ಯರನ್ನು ಯಾವಾಗ ಕಾಣಬೇಕು?

ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತಂತಾಗುವುದು, ರಜೆಯಲ್ಲೂ ನಿದ್ದೆ ಬಾರದಿರುವುದು, ವಾರಗಟ್ಟಲೆ ಸಿಡುಕು ಅಥವಾ ಮಂಕು ಕಂಡರೆ ತಡಮಾಡಬೇಡಿ.

ಕೊನೆಯದಾಗಿ, “ಇವತ್ತು ಹಾರುವ ಸ್ಥಿತಿಯಲ್ಲಿ ನಾನಿಲ್ಲ” ಎಂದು ಪೈಲಟ್ ಹೇಳಿದರೆ ಅದು ಸೋಮಾರಿತನವಲ್ಲ. ಹಾಗೆ ಹೇಳುವುದು ಅವರ ಕರ್ತವ್ಯ. ಸಂಬಳದ, ಹೆಸರಿನ ಚಿಂತೆಯಿಂದ ಅವರು ಹಿಂಜರಿದರೆ, ಧೈರ್ಯ ಹೇಳಬೇಕಾದವರು ನೀವು.