ಕೆರಳುವ ಕರುಳಿಗೆ ಕಾಲ್ನಡಿಗೆ



ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ದೊರೆತಾಗ ಯಾಲಾಲ್ ಸೀಮೆಯ ರೈತರೆಲ್ಲ ಹೆಮ್ಮೆಪಟ್ಟೆವು. ಆದರೆ ಆ ತೊಗರಿ ಬೆಳೆದವರಲ್ಲೇ ಕೆಲವರು, "ಫಾದರ್, ಬ್ಯಾಳಿ ಉಂಡ್ರ ಹೊಟ್ಟಿ ಉಬ್ತದ್ರಿ, ಬಸ್ ಹತ್ಲಾಕೂ ಅಂಜಿಕಿ" ಎಂದು ನಮ್ಮಲ್ಲಿ ಹೇಳಿಕೊಳ್ಳುವುದುಂಟು. ಕೈಗಡ ತಂದು ಪರೀಕ್ಷೆ ಮೇಲೆ ಪರೀಕ್ಷೆ ಮಾಡಿಸಿದರೂ ವರದಿಯಲ್ಲಿ ಏನೂ ಕಾಣದು.

ಇಂಥ ಎಷ್ಟೋ ಪ್ರಸಂಗಗಳಲ್ಲಿ ಇರುವುದು ಐ.ಬಿ.ಎಸ್., ಅಂದರೆ ಕರುಳು ಕೆರಳುವ ತೊಂದರೆ. ಹುಣ್ಣಿಲ್ಲ, ಗಡ್ಡೆಯಿಲ್ಲ, ಕರುಳು ಮತ್ತು ಮಿದುಳಿನ ನಡುವಣ ಹೊಂದಾಣಿಕೆ ತಪ್ಪಿರುತ್ತದೆ. ಹಾಗೆಂದು ನೋವು ಸುಳ್ಳಲ್ಲ. ಮನೆಯವರು ಅದನ್ನು ನೆಪವೆಂದು ಹಳಿಯಬಾರದು.

ಸ್ವೀಡನ್ ದೇಶದ ಗೋಥೆನ್‌ಬರ್ಗಿನ ಸಂಶೋಧಕರು 102 ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪು 12 ವಾರ, ವಾರಕ್ಕೆ 3ರಿಂದ 5 ದಿನ, 20ರಿಂದ 60 ನಿಮಿಷ ಮೈದಣಿಸಿತು. ಅವರಲ್ಲಿ ತೊಂದರೆ ಹೆಚ್ಚಾದವರು ಶೇ. 8, ಎಂದಿನಂತೆ ಇದ್ದವರಲ್ಲಿ ಶೇ. 23. ಮೈ ಆಡಿದರೆ ಕರುಳಿನ ವಾಯು ಸರಾಗವಾಗಿ ಹೊರಹೋಗುತ್ತದೆ, ಮನದ ಬಿಗುವೂ ಸಡಿಲುತ್ತದೆ. ಇದು ರೋಗವನ್ನು ಬುಡಸಹಿತ ಕೀಳುವ ಮದ್ದಲ್ಲ. ಆದರೆ ಖರ್ಚಿಲ್ಲದ ಆಸರೆ.

"ಹೊಲದಲ್ಲಿ ದುಡಿಯುವ ನಮಗೇಕೆ ವ್ಯಾಯಾಮ?" ಎಂದೀರಿ. ಮುಂಗಾರಿನಿಂದ ತೊಗರಿ ರಾಶಿಯವರೆಗೆ ಆ ಮಾತು ನಿಜ. ರಾಶಿ ಮುಗಿದ ಮೇಲೆ ಮುಂದಿನ ಮಳೆಯವರೆಗೆ ನಮ್ಮಲ್ಲಿ ಎಷ್ಟು ಮಂದಿ ಕಟ್ಟೆ ಬಿಟ್ಟು ಏಳುತ್ತೇವೆ? ಹೊಲಕ್ಕೂ ಮೋಟಾರು ಸೈಕಲ್ಲೇ ಬೇಕು.

ಆದ್ದರಿಂದ ಹೀಗೆ ಮಾಡೋಣ:

• ಬಿಸಿಲೇರುವ ಮುನ್ನ 20 ನಿಮಿಷ ಚುರುಕಾಗಿ ನಡೆಯಿರಿ. ವಾರ ವಾರಕ್ಕೂ ಸ್ವಲ್ಪ ಹೆಚ್ಚಿಸಿ.

• ಹೊತ್ತಿಗೆ ಸರಿಯಾಗಿ ಉಣ್ಣಿರಿ. ಚಹಾ ದಿನಕ್ಕೆ 3 ಕಪ್ಪು ಮೀರದಿರಲಿ.

• ಬೇಳೆಯನ್ನು ನೆನೆಹಾಕಿ, ಆ ನೀರು ಚೆಲ್ಲಿ ಬೇಯಿಸಿ. ಮೊದಲು ಸ್ವಲ್ಪವೇ ಉಂಡು ನೋಡಿ.

• ಮಲಬದ್ಧತೆಯಿದ್ದರೆ ಇಸಬ್‌ಗೋಲನ್ನು ಸಾಕಷ್ಟು ನೀರಿನೊಂದಿಗೆ, ಸ್ವಲ್ಪದರಿಂದ ಆರಂಭಿಸಿ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇವುಗಳಲ್ಲಿ ಯಾವುದೇ ಕಂಡರೂ, ಅಥವಾ 50 ದಾಟಿದ ಮೇಲೆ ಹೊಸದಾಗಿ ತೊಂದರೆ ಶುರುವಾದರೂ ನಡಿಗೆಯನ್ನೇ ನಂಬಿ ಕೂರಬೇಡಿ. ತಡಮಾಡದೆ ವೈದ್ಯರಲ್ಲಿಗೆ ಹೋಗಿ. ನಾಚಿಕೆಯಿಂದ ಮುಚ್ಚಿಟ್ಟ ಬೇನೆ ಬಲಿಯುತ್ತದೆ.

ಬೆಳೆದ ಬೇಳೆಯನ್ನು ಬೆಳೆದವರೇ ನೆಮ್ಮದಿಯಿಂದ ಉಣ್ಣುವಂತಾಗಲಿ ಎಂಬುದೇ ನಮ್ಮ ಹಾರೈಕೆ.