ಬಾಯಿಯ ಕ್ಯಾನ್ಸರ್: ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು?

ಕೆನ್ನೆಯ ಒಳಭಾಗದಲ್ಲಿಯೋ ನಾಲಿಗೆಯ ಅಂಚಿನಲ್ಲಿಯೋ ಎದ್ದ ಹುಣ್ಣು ಮೂರು ವಾರ ಕಳೆದರೂ ಮಾಯದಿದ್ದರೆ, ಅದರ ಚೂರೊಂದನ್ನು ತೆಗೆದು ಪರೀಕ್ಷಿಸುವುದು ಅವಶ್ಯ. ಕತ್ತಿ ತಾಗಿದರೆ ರೋಗ ಹರಡುತ್ತದೆಂಬ ಅಂಜಿಕೆ ನಮ್ಮಲ್ಲಿ ಇನ್ನೂ ಉಳಿದಿದೆ, ಅದಕ್ಕೆ ಆಧಾರವಿಲ್ಲ. ವರದಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾದ ದಿನವೇ ಮನೆಯಲ್ಲಿ ಚರ್ಚೆ ಆರಂಭವಾಗುತ್ತದೆ. ಒಬ್ಬರು ಮುಂಬಯಿ ಎನ್ನುತ್ತಾರೆ, ಇನ್ನೊಬ್ಬರು ಬೆಂಗಳೂರು ಎನ್ನುತ್ತಾರೆ, ಹಿರಿಯರೊಬ್ಬರು ಮೊದಲು ನಾಟಿ ಔಷಧ ನೋಡೋಣವೆನ್ನುತ್ತಾರೆ. ರೋಗ ಮಾತ್ರ ಈ ಚರ್ಚೆ ಮುಗಿಯುವವರೆಗೆ ಕಾಯುವುದಿಲ್ಲ.

ಈ ರೋಗಕ್ಕೆ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯೇ ಮೊದಲ ಉಪಾಯ. ಆದುದರಿಂದ ಕಟ್ಟಡದ ವೈಭವವನ್ನು ನೋಡುವುದಕ್ಕಿಂತ, ಬಾಯಿಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯನ್ನು ಅಲ್ಲಿ ನಿತ್ಯವೂ ಮಾಡುವವರಿದ್ದಾರೆಯೇ ಎಂದು ವಿಚಾರಿಸಬೇಕು. ಶಸ್ತ್ರಚಿಕಿತ್ಸಕರು, ವಿಕಿರಣ ತಜ್ಞರು, ಔಷಧ ಚಿಕಿತ್ಸೆಯ ತಜ್ಞರು ಒಟ್ಟಾಗಿ ಕುಳಿತು ನಿರ್ಧರಿಸುವ ಪದ್ಧತಿ ಅಲ್ಲಿದೆಯೇ? ತೆಗೆದ ಕೆನ್ನೆಯನ್ನೋ ದವಡೆಯನ್ನೋ ಮರಳಿ ಕಟ್ಟುವವರು ಇದ್ದಾರೆಯೇ? ಕತ್ತಿನ ಗಂಟುಗಳನ್ನು ಏನು ಮಾಡುವಿರಿ ಎಂದೂ ಸಂಕೋಚವಿಲ್ಲದೆ ಕೇಳಬೇಕು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಪ್ರಶ್ನೆಯ ತೂಕವನ್ನು ತೋರಿಸಿಕೊಟ್ಟಿತು. ರೋಗ ಆರಂಭದ ಹಂತದಲ್ಲಿದ್ದಾಗಲೇ ಕತ್ತಿನ ಗಂಟುಗಳನ್ನೂ ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ನಂತರ ಬದುಕಿದ್ದವರು ಶೇಕಡ 80. ಗಂಟು ಕಾಣಿಸಿಕೊಂಡ ಮೇಲೆ ತೆಗೆಸಿಕೊಂಡವರಲ್ಲಿ ಶೇಕಡ 67.5.

ಶಸ್ತ್ರಚಿಕಿತ್ಸೆಗೆ ದೂರ ಹೋಗಿ ಬರುವುದು ಹೇಗೋ ನಡೆದೀತು. ಅನೇಕರಿಗೆ ಆ ನಂತರ ವಿಕಿರಣ ಚಿಕಿತ್ಸೆ, ಜನರ ಮಾತಿನಲ್ಲಿ 'ಕರೆಂಟ್', ಬೇಕಾಗುತ್ತದೆ. ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ. ಬಾಯಿ ಹುಣ್ಣಾಗಿ, ಗಂಜಿಯೂ ನುಂಗಲಾಗದ ಆ ದಿನಗಳಲ್ಲಿ ನಡುವೆ ಚಿಕಿತ್ಸೆ ಬಿಟ್ಟವರಿಗೆ ಅದರ ಫಲ ಕುಗ್ಗುತ್ತದೆ. ಹೊಲ, ದನಕರು, ಶಾಲೆಯ ಮಕ್ಕಳನ್ನು ಬಿಟ್ಟು ಜೊತೆಯಲ್ಲಿ ಯಾರು ಇರಬೇಕು, ಎಲ್ಲಿ ತಂಗಬೇಕು ಎಂಬುದು ಇಲ್ಲಿ ವೈದ್ಯಕೀಯದಷ್ಟೇ ದೊಡ್ಡ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ, ಪೂರ್ಣಗೊಳ್ಳುವ ಹತ್ತಿರದ ಚಿಕಿತ್ಸೆಯು ಅರ್ಧಕ್ಕೆ ನಿಲ್ಲುವ ಹೆಸರಾಂತ ಚಿಕಿತ್ಸೆಗಿಂತ ಮೇಲು. ದೊಡ್ಡ ಆಸ್ಪತ್ರೆಯಲ್ಲಿ ಅಭಿಪ್ರಾಯ ಪಡೆದು, ವಿಕಿರಣವನ್ನು ಊರಿನ ಸಮೀಪದಲ್ಲಿ ಮಾಡಿಸಿಕೊಳ್ಳಲು ಅವಕಾಶವುಂಟೇ ಎಂದು ಅಲ್ಲಿಯೇ ಕೇಳಬಹುದು.

ನಮ್ಮ ನಾಡಿನಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಿಂದ ಇದೆ. ಕಲಬುರಗಿಯಲ್ಲಿ ಅದರ ಶಾಖೆಯಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಬಹುಕಾಲದಿಂದ ನಡೆದುಬಂದಿದೆ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯು 2025ರ ಜನವರಿಯಲ್ಲಿ ಉದ್ಘಾಟನೆಗೊಂಡಿತು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಖಾಸಗಿ ಆಸ್ಪತ್ರೆಗಾದರೆ ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಮುಂಗಡ ಹಣ ಕಟ್ಟುವ ಮೊದಲೇ ಈ ವಿಚಾರ ಮಾಡಿರಿ. ರೋಗಿಗೂ ಜೊತೆಗಾರರೊಬ್ಬರಿಗೂ ರೈಲು ದರದಲ್ಲಿ ರಿಯಾಯಿತಿ ಇದೆ.

ವಿಕಿರಣಕ್ಕೆ ಮುನ್ನ ದಂತವೈದ್ಯರಿಂದ ಹಲ್ಲುಗಳನ್ನು ತೋರಿಸಿಕೊಳ್ಳಬೇಕು. ಅನಂತರ ಹಲ್ಲು ಕಿತ್ತರೆ ದವಡೆಯ ಗಾಯ ಮಾಯುವುದು ಕಷ್ಟ. ಆಸ್ಪತ್ರೆ ಬದಲಿಸುವುದಾದರೆ ವರದಿಯ ಹಾಳೆಯೊಂದೇ ಸಾಲದು. ಪರೀಕ್ಷೆ ಮಾಡಿದ ಪ್ರಯೋಗಾಲಯದಿಂದ ಗಾಜಿನ ಪಟ್ಟಿಗಳನ್ನೂ ಮೇಣದ ಬಿಲ್ಲೆಯನ್ನೂ ಕೇಳಿ ಪಡೆದು, ಸ್ಕ್ಯಾನ್ ಚಿತ್ರಗಳೊಂದಿಗೆ ಒಯ್ಯಿರಿ. ಹೊಸ ವೈದ್ಯರು ಮೊದಲು ಕೇಳುವುದು ಅವನ್ನೇ.