ಬಸುರಿಯ ಲೋಟಕ್ಕೆ ಗೆರೆ ಬಿದ್ದ ಬಗೆ

ಇಲಿಮರಿಗಳಿಗೆ ಕಾಲ್ಬೆರಳು ಇರಲಿಲ್ಲ. ಬಸುರಿಯರ ಕಾಫಿಗೆ ಸರ್ಕಾರವೊಂದು ಮೊದಲ ಬಾರಿ ಹುಬ್ಬು ಗಂಟಿಕ್ಕಿದ್ದು ಅದನ್ನು ಕಂಡು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪ್ರಯೋಗಾಲಯದಲ್ಲಿ ಥಾಮಸ್ ಕಾಲಿನ್ಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಗಬ್ಬದ ಇಲಿಗಳಿಗೆ ದಿನವೂ ಕೆಫೀನ್ ಕೊಟ್ಟು, ಮರಿಗಳ ಮೇಲೆ ಏನಾಗುತ್ತದೆಂದು ನೋಡುತ್ತಿದ್ದರು. ದೇಹತೂಕದ ಕಿಲೋ ಒಂದಕ್ಕೆ 80 ಮತ್ತು 125 ಮಿಲಿಗ್ರಾಂ ಪಡೆದ ಇಲಿಗಳ ಕೆಲವು ಮರಿಗಳಲ್ಲಿ ಬೆರಳೋ, ಬೆರಳಿನ ತುಂಡೋ ಮಾಯವಾಗಿತ್ತು. 1980ರ ಸೆಪ್ಟೆಂಬರಿನಲ್ಲಿ ಆಡಳಿತದ ಮುಖ್ಯಸ್ಥ ಜೆರೆ ಗೋಯನ್ ದೇಶದ ಗರ್ಭಿಣಿಯರಿಗೆ ಎಚ್ಚರಿಕೆ ಕೊಟ್ಟರು: ಕೆಫೀನ್ ಇರುವುದನ್ನು ಬಿಡಿ, ಆಗದಿದ್ದರೆ ಕಡಿಮೆ ಮಾಡಿ.

80 ಮಿಲಿಗ್ರಾಂ ಅಂದರೆ ಎಷ್ಟು? ಐವತ್ತೈದು ಕಿಲೋ ತೂಗುವ ಹೆಂಗಸಿನ ಲೆಕ್ಕಕ್ಕೆ ಇಳಿಸಿದರೆ ದಿನಕ್ಕೆ 4,400 ಮಿಲಿಗ್ರಾಂ. ಲೋಟಕ್ಕೆ 100 ಎಂದು ಹಿಡಿದರೂ ನಲವತ್ತನಾಲ್ಕು ಲೋಟ ಕಾಫಿ. ಅಷ್ಟು ಕುಡಿದವರು ಯಾವ ಊರಲ್ಲೂ ಇರಲಾರರು. ಇನ್ನೊಂದು ವಿಷಯ ವರದಿಯ ಒಳಪುಟಗಳಲ್ಲಿತ್ತು. ಆ ಇಲಿಗಳು ಕೆಫೀನನ್ನು ಕುಡಿದಿರಲೇ ಇಲ್ಲ. ಗಂಟಲಿಗೆ ಕೊಳವೆ ಇಳಿಸಿ, ದಿನದ ಪಾಲನ್ನೆಲ್ಲ ಒಂದೇ ಏಟಿಗೆ ಹೊಟ್ಟೆಗೆ ಸುರಿಯಲಾಗಿತ್ತು.

ಕಾಲಿನ್ಸ್ ತಂಡ ಮಾಡಿದ ಒಳ್ಳೆಯ ಕೆಲಸವೆಂದರೆ ತನ್ನ ಪ್ರಯೋಗವನ್ನು ತಾನೇ ಇನ್ನೊಮ್ಮೆ ಮಾಡಿದ್ದು. ಈ ಸಲ ಕೆಫೀನನ್ನು ಕುಡಿಯುವ ನೀರಿಗೆ ಬೆರೆಸಿಟ್ಟರು. ಇಲಿಗಳು ಬೇಕಾದಾಗ ಬಂದು ಗುಟುಕು ಗುಟುಕಾಗಿ ಕುಡಿದವು. 1983ರಲ್ಲಿ ಫಲಿತಾಂಶ ಅಚ್ಚಾಯಿತು: ಬೆರಳುಗಳು ಸರಿಯಾಗಿಯೇ ಇದ್ದವು. ಕೆಲವು ಮರಿಗಳ ಮೂಳೆ ಗಟ್ಟಿಯಾಗುವುದು ತುಸು ತಡವಾಗಿತ್ತು, ಅಷ್ಟೆ. ಆದರೆ ಮೊದಲ ಸುದ್ದಿ ಓಡಿದ ವೇಗದಲ್ಲಿ ಎರಡನೆಯದು ಓಡಲಿಲ್ಲ. ಹೆದರಿಕೆ ಸುಳ್ಳೆಂದು ಹೇಳುವ ಸುದ್ದಿಗೆ ಪತ್ರಿಕೆಯವರು ಒಳಪುಟದ ಮೂಲೆಯನ್ನೇ ಹುಡುಕುತ್ತಾರೆ. ನಾನೂ ಆ ಕಸುಬಿನವನೇ ಆದ್ದರಿಂದ ಇದನ್ನು ಹೇಳಬಲ್ಲೆ.

ಹಾಗೆಂದು ಕಾಫಿ ಬಚಾವಾಯಿತು ಎಂದುಕೊಳ್ಳುವಂತಿರಲಿಲ್ಲ. ಕೆಫೀನ್ ಮಾಸನ್ನು ದಾಟಿ ಮಗುವಿನ ರಕ್ತಕ್ಕೆ ಸಲೀಸಾಗಿ ಹೋಗುತ್ತದೆ. ಅದನ್ನು ಒಡೆದು ಹಾಕುವ ಯಕೃತ್ತಿನ ಕಿಣ್ವ ಹೊಟ್ಟೆಯೊಳಗಿನ ಮಗುವಿನಲ್ಲಿ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ತಾಯಿಯಲ್ಲಿ ಆ ಕಿಣ್ವ ಇದ್ದರೂ ಬಸಿರು ಬೆಳೆದಂತೆ ಮಂದವಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಕುಡಿದ ಕೆಫೀನಿನ ಅರ್ಧ ಭಾಗ ನಾಲ್ಕೈದು ಗಂಟೆಯಲ್ಲಿ ಕರಗಿಹೋದರೆ, ಕೊನೆಯ ತಿಂಗಳುಗಳಲ್ಲಿ ಅದಕ್ಕೆ ಹದಿನೈದು ಗಂಟೆಯೂ ಸಾಲದು. 1980ರ ಆಸುಪಾಸಿನಲ್ಲಿ ಇದನ್ನು ರಕ್ತದಲ್ಲೂ ಜೊಲ್ಲಿನಲ್ಲೂ ಅಳೆದು ಕಂಡುಕೊಂಡರು. ಒಂಬತ್ತು ತಿಂಗಳ ಹೆಂಗಸು ಸಂಜೆ ಕುಡಿದ ಲೋಟದ ಅರ್ಧದಷ್ಟು ಮರುದಿನ ಬೆಳಗಿನ ಕಾಫಿಯ ಹೊತ್ತಿಗೂ ಮೈಯಲ್ಲೇ ಇರುತ್ತದೆ.

ಹಾಗಾದರೆ ಮನುಷ್ಯರ ಮೇಲೇ ನೋಡೋಣ ಎಂದು ಹೊರಟವರಿಗೆ ಮೊದಲು ಅಡ್ಡ ಬಂದದ್ದು ಸಿಗರೇಟು. ಪಶ್ಚಿಮ ದೇಶಗಳಲ್ಲಿ ಆಗ ಹೆಚ್ಚು ಕಾಫಿ ಕುಡಿಯುವ ಹೆಂಗಸರಲ್ಲಿ ಹೆಚ್ಚು ಸೇದುವವರೂ ಇದ್ದರು. 1982ರಲ್ಲಿ ಬಾಸ್ಟನ್ನಿನಲ್ಲಿ 12,205 ಹೆರಿಗೆಯಾದ ಹೆಂಗಸರ ವಿವರ ಕೂಡಿಸಿದಾಗ, ಹೆಚ್ಚು ಕಾಫಿ ಕುಡಿದವರ ಮಕ್ಕಳ ತೂಕ ಕಡಿಮೆ ಎಂದೇ ಕಂಡಿತು. ಸಿಗರೇಟಿನ ಲೆಕ್ಕ ತೆಗೆದಿಟ್ಟು ನೋಡಿದರೆ ಆ ನಂಟು ಆವಿಯಾಗಿಹೋಯಿತು.

ಎರಡನೆಯ ಅಡ್ಡಿಯನ್ನು ಕಂಡುಹಿಡಿದವರು ಝೀನಾ ಸ್ಟೈನ್ ಮತ್ತು ಮರ್ವಿನ್ ಸಸರ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಅಲ್ಲಿನ ವರ್ಣಭೇದವನ್ನು ವಿರೋಧಿಸಿ ದೇಶ ಬಿಟ್ಟು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ್ದ ವೈದ್ಯ ದಂಪತಿ. ಈ ಇಡೀ ಕತೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಏಕೆಂದರೆ ಇದಕ್ಕೆ ಇಲಿಯೂ ಬೇಕಾಗಲಿಲ್ಲ, ಕೊಳವೆಯೂ ಬೇಕಾಗಲಿಲ್ಲ. ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ಸಂಗತಿಯನ್ನು ಬೇರೆ ಕಡೆಯಿಂದ ನೋಡಿದರು, ಅಷ್ಟೆ.

ಮುಟ್ಟು ನಿಂತು ಎರಡು ವಾರವಾಗುವಷ್ಟರಲ್ಲಿ ಡಿಕಾಕ್ಷನ್ ವಾಸನೆಗೆ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದ ಸೊಸೆಯನ್ನು ಕಂಡು, ಯಾರೂ ಹೇಳದೆಯೇ ವಿಷಯ ಅರ್ಥ ಮಾಡಿಕೊಂಡ ಅತ್ತೆಯರು ನಮ್ಮಲ್ಲಿ ಬೇಕಾದಷ್ಟು. ಬಸಿರು ಗಟ್ಟಿಯಾಗಿ ನಿಂತರೆ ಹಾರ್ಮೋನು ಏರುತ್ತದೆ, ಏರಿದರೆ ವಾಕರಿಕೆ, ವಾಕರಿಕೆ ಬಂದರೆ ಮೊದಲು ಬೇಡವಾಗುವ ವಸ್ತುಗಳಲ್ಲಿ ಕಾಫಿಯೂ ಒಂದು. ಒಳಗಿನ ಭ್ರೂಣ ಸರಿಯಾಗಿ ಬೆಳೆಯುತ್ತಿಲ್ಲ, ಆದರೆ ಹೊರಗೆ ಇನ್ನೂ ಏನೂ ತಿಳಿದಿಲ್ಲ ಎಂದಾದರೆ? ಆ ಹೆಂಗಸಿಗೆ ವಾಕರಿಕೆ ಅಷ್ಟಾಗಿ ಇರುವುದಿಲ್ಲ, ಕಾಫಿ ಎಂದಿನಂತೆ ರುಚಿಸುತ್ತದೆ, ಎಂದಿನಂತೆ ಕುಡಿಯುತ್ತಾಳೆ. ಕೆಲವು ವಾರಗಳ ಮೇಲೆ ಗರ್ಭಪಾತವಾಗುತ್ತದೆ. ಸಮೀಕ್ಷೆ ಮಾಡುವವರು ಬಂದು ಕೇಳಿದಾಗ ಪುಸ್ತಕದಲ್ಲಿ ದಾಖಲಾಗುವುದು, ಗರ್ಭ ಇಳಿದವರು ಹೆಚ್ಚು ಕಾಫಿ ಕುಡಿದಿದ್ದರು ಎಂದು. ಕಾಫಿಯಿಂದ ಗರ್ಭ ಹೋಯಿತೋ, ಹೋಗಲಿರುವ ಗರ್ಭದಿಂದಾಗಿ ಕಾಫಿ ಒಗ್ಗಿತೋ? 1991ರಲ್ಲಿ ಸ್ಟೈನ್ ಮತ್ತು ಸಸರ್ ಈ ಪ್ರಶ್ನೆ ಎತ್ತಿದ ಮೇಲೆ, ವಾಕರಿಕೆಯ ಲೆಕ್ಕವಿಲ್ಲದ ಅಧ್ಯಯನಕ್ಕೆ ಬೆಲೆ ಇಳಿಯಿತು.

ಗರ್ಭ ಕಳೆದುಕೊಂಡ ಹೆಣ್ಣು ತಾನು ತಿಂದದ್ದು ಕುಡಿದದ್ದನ್ನೆಲ್ಲ ಎಣಿಸುತ್ತ ಕೂರುತ್ತಾಳೆ. ಪಪ್ಪಾಯಿ ತಿಂದೆನೇ, ಭಾರ ಎತ್ತಿದೆನೇ, ಆ ದಿನ ಎರಡು ಲೋಟ ಕುಡಿದೆನೇ. ಸಮೀಕ್ಷೆಗಳ ಮೂರನೆಯ ಅಡ್ಡಿಯೂ ಈ ನೆನಪೇ. ಅದನ್ನು ದಾಟಲು ಅಮೆರಿಕದ ಮಾರ್ಕ್ ಕ್ಲೆಬನಾಫ್ ಮತ್ತು ಸಂಗಡಿಗರು ಹೆಂಗಸರನ್ನು ಕೇಳುವ ಬದಲು ಅವರ ಹಳೆಯ ರಕ್ತವನ್ನು ಕೇಳಿದರು. 1959ರಿಂದ 1966ರವರೆಗೆ ಬಸುರಿಯರಿಂದ ತೆಗೆದು ಹೆಪ್ಪುಗಟ್ಟಿಸಿ ಇಟ್ಟಿದ್ದ ರಕ್ತಸಾರದಲ್ಲಿ, ಕೆಫೀನ್ ಒಡೆದಾಗ ಹುಟ್ಟುವ ಪ್ಯಾರಾಝ್ಯಾಂಥೀನ್ ಎಂಬ ವಸ್ತುವನ್ನು ಅಳೆದರು. ಗರ್ಭಪಾತದ ಅಪಾಯ ಏರಿದ್ದು ಅದರ ಮಟ್ಟ ಬಹಳ ಹೆಚ್ಚಿದ್ದವರಲ್ಲಿ ಮಾತ್ರ ಎಂದು 1999ರಲ್ಲಿ ಬರೆದರು.

ನೇರವಾಗಿ ಪ್ರಯೋಗ ಮಾಡಿದವರು ಡೆನ್ಮಾರ್ಕಿನವರು. ದಿನಕ್ಕೆ ಮೂರು ಕಪ್ಪಿಗೆ ಕಡಿಮೆಯಿಲ್ಲದೆ ಕುಡಿಯುವ 1,207 ಬಸುರಿಯರಿಗೆ ಇನ್‌ಸ್ಟಂಟ್ ಕಾಫಿ ಕೊಟ್ಟರು. ಅರ್ಧದಷ್ಟು ಜನರ ಡಬ್ಬಿಯಲ್ಲಿ ಕೆಫೀನ್ ತೆಗೆದ ಪುಡಿ ಇತ್ತು. ಯಾರಿಗೆ ಯಾವುದು ಎಂದು ಕುಡಿಯುವವರಿಗೂ ಗೊತ್ತಿರಲಿಲ್ಲ. 2007ರಲ್ಲಿ ಹೊರಬಂದ ಫಲ: ಎರಡೂ ಗುಂಪಿನ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಇವರೆಲ್ಲ ಬಸಿರಿನ ಮೊದಲ ವಾರಗಳನ್ನು ಆಗಲೇ ದಾಟಿ ಬಂದವರು.

ಮರುವರ್ಷವೇ ಗಾಳಿ ತಿರುಗಿತು. ಸ್ಯಾನ್ ಫ್ರಾನ್ಸಿಸ್ಕೋ ಸೀಮೆಯ 1,063 ಹೆಂಗಸರ ಅಧ್ಯಯನದಲ್ಲಿ ದಿನಕ್ಕೆ 200 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದವರಿಗೆ, ಕೆಫೀನ್ ಮುಟ್ಟದವರಿಗಿಂತ ಗರ್ಭಪಾತ ಸುಮಾರು ಇಮ್ಮಡಿಯಾಗಿ ಕಂಡಿತು, ಅದೂ ವಾಕರಿಕೆಯ ಲೆಕ್ಕ ಇಟ್ಟ ಮೇಲೆ. ಬ್ರಿಟನ್ನಿನ ಲೀಡ್ಸ್ ಮತ್ತು ಲೆಸ್ಟರ್ ನಗರಗಳ 2,635 ಬಸುರಿಯರಲ್ಲಿ ಕೆಫೀನ್ ಏರಿದಂತೆ ಮಗುವಿನ ತೂಕ ಇಳಿದದ್ದು ಕಂಡಿತು. ಅಲ್ಲಿ ಕೆಫೀನ್ ಬಂದದ್ದಾದರೂ ಎಲ್ಲಿಂದ? ನೂರರಲ್ಲಿ 62 ಪಾಲು ಚಹಾದಿಂದ, ಕಾಫಿಯಿಂದ ಬರೀ 14. ಅಷ್ಟು ದಿನ ಬೈಸಿಕೊಂಡದ್ದು ಮಾತ್ರ ಕಾಫಿ. 2008ರ ನವೆಂಬರಿನಲ್ಲಿ ಬ್ರಿಟನ್ ತನ್ನ ಮಿತಿಯನ್ನು 300ರಿಂದ 200 ಮಿಲಿಗ್ರಾಂಗೆ ಇಳಿಸಿತು. 2010ರಲ್ಲಿ ಅಮೆರಿಕದ ಹೆರಿಗೆ ತಜ್ಞರ ಸಂಘವೂ 200ರ ಒಳಗೆ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ, 300 ದಾಟಿದವರು ಕಡಿಮೆ ಮಾಡಲಿ ಎಂದು ಬರೆದು ಸುಮ್ಮನಾಯಿತು. 2021ರಲ್ಲಿ ಅಮೆರಿಕದ 12 ಕಡೆಗಳ ಅಧ್ಯಯನವೊಂದು ದಿನಕ್ಕೆ ಅರ್ಧ ಕಪ್ಪಿನಷ್ಟಕ್ಕೂ ಮಕ್ಕಳು ಕೊಂಚ ಸಣ್ಣಗಿದ್ದವು ಎಂದು ಹೇಳಿತು.

ಹೊಲದ ಬದುವಿನಂತೆ 200 ಎಂಬ ಗೆರೆ ಮನುಷ್ಯರು ಹಾಕಿಕೊಂಡದ್ದು. ಆಚೆ ಈಚೆ ಮಣ್ಣು ಒಂದೇ. ನನಗೆ ಅದರ ಮೇಲೆ ತಕರಾರಿಲ್ಲ. ತಕರಾರಿರುವುದು ಅದನ್ನು ಅಳೆಯುವ ಲೋಟದ ಬಗ್ಗೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ 150 ಮಿಲಿಲೀಟರ್ ಇಳಿಸಿದ ಕಾಫಿಗೆ 80ರಿಂದ 120 ಮಿಲಿಗ್ರಾಂ ಕೆಫೀನ್, ಇನ್‌ಸ್ಟಂಟ್‌ಗೆ 50ರಿಂದ 65, ಚಹಾಕ್ಕೆ 30ರಿಂದ 65. ನಮ್ಮ ಫಿಲ್ಟರಿನಲ್ಲಿ ರೊಬಸ್ಟಾ ಬಿದ್ದರೆ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಬಂತು. ಚಿಕೋರಿ ಬಿದ್ದರೆ ಅಷ್ಟು ಪಾಲು ಇಲ್ಲ, ಚಿಕೋರಿಯಲ್ಲಿ ಕೆಫೀನೇ ಇಲ್ಲ. ಕಪ್ಪಗೆ ಮಂದಗೆ ಕಂಡ ಡಿಕಾಕ್ಷನ್ನೇ ಸ್ಟ್ರಾಂಗು ಎಂದು ತಿಳಿಯುವವರು ಈ ಚಿಕೋರಿಯ ಕೈಯಲ್ಲಿ ಮೋಸ ಹೋಗುತ್ತಾರೆ.

ಇಷ್ಟೆಲ್ಲ ಗದ್ದಲದ ನಡುವೆ, ನಮ್ಮ ಬಸುರಿಯರಿಗೆ ಹೆಚ್ಚು ಹತ್ತಿರದ ಸಂಶೋಧನೆಯೊಂದು ಅದಕ್ಕೂ ಮುಂಚೆಯೇ ಬಂದು ಕೂತಿತ್ತು. ಮತ್ತೆ ದಕ್ಷಿಣ ಆಫ್ರಿಕಾ. ಡಿಸ್ಲರ್, ಬಾತ್‌ವೆಲ್ ಮೊದಲಾದವರು 1975ರಲ್ಲಿ ಊಟದ ಕಬ್ಬಿಣ ಮೈಗೆ ಎಷ್ಟು ಹತ್ತುತ್ತದೆಂದು ಅಳೆದರು. ಅವರು ಆರಿಸಿಕೊಂಡ ಊಟಗಳಲ್ಲೊಂದು ನಮ್ಮ ತಟ್ಟೆಯದೇ ಅನ್ನಿಸುವಂಥದ್ದು: ಅನ್ನ, ಆಲೂಗಡ್ಡೆ ಈರುಳ್ಳಿಯ ಸೂಪು. ಜೊತೆಗೆ ಚಹಾ ಕುಡಿದರೆ ಕಬ್ಬಿಣದ ಹೀರಿಕೆ ಇಳಿಯಿತು. ಚಹಾದ ಒಗರು, ಟ್ಯಾನಿನ್, ಕಬ್ಬಿಣವನ್ನು ಕಟ್ಟಿಹಾಕಿ ಕರಗದಂತೆ ಮಾಡುತ್ತಿತ್ತು. 1983ರಲ್ಲಿ ಅಮೆರಿಕದ ಮೋರ್ಕ್, ಲಿಂಚ್ ಮತ್ತು ಕುಕ್ ಹ್ಯಾಂಬರ್ಗರ್ ಊಟದ ಮೇಲೆ ಅದನ್ನೇ ಅಳೆದಾಗ ಹೀರಿಕೆ ಚಹಾದಿಂದ ಶೇ. 64, ಕಾಫಿಯಿಂದ ಶೇ. 39 ಕುಸಿಯಿತು. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿ ಏನೂ ಕೆಡಿಸಲಿಲ್ಲ. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದದ್ದು ಊಟದ ಜೊತೆ ಕುಡಿದಷ್ಟೇ ಕೆಡಿಸಿತು. ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ಹೇಳುತ್ತದೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ತಿಂಡಿಯ ಮೇಲೆ ಬಿಸಿ ಚಹಾದೊಂದಿಗೆ ನುಂಗುವ ಮನೆಗಳನ್ನು ನಾನು ಎಣಿಸಿ ಬಿಟ್ಟಿದ್ದೇನೆ. ಅಲ್ಲಿ ಲೋಟ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಯಾವ ಹೊತ್ತಿಗೆ ಬಂತು ಎನ್ನುವುದೇ ದೊಡ್ಡದು.

ಕಾಫಿ ಬೇಡ, ಚಹಾ ಬೇಡ, ಕಷಾಯವೇ ಇರಲಿ ಎನ್ನುವವರಿಗೆ ಧನಿಯಾ ಜೀರಿಗೆಯ ಸಾದಾ ಕಷಾಯದಲ್ಲಿ ಕೆಫೀನ್ ಇಲ್ಲ ಎಂಬುದು ನಿಜ. ಆದರೆ ಕೆಮ್ಮಿಗೆಂದು ಅದಕ್ಕೆ ಬೀಳುವ ಜ್ಯೇಷ್ಠಮಧುವಿನ ಸುದ್ದಿ ಬೇರೆ, ಅದು ಬಂದದ್ದು ಫಿನ್ಲೆಂಡಿನಿಂದ. ಅಲ್ಲಿ ಆ ಬೇರಿನ ಮಿಠಾಯಿ ಎಂದರೆ ಜನ ಪ್ರಾಣ ಬಿಡುತ್ತಾರೆ. 1998ರಲ್ಲಿ ಹೆತ್ತ 1,049 ಹೆಂಗಸರನ್ನು ಟಿಮೊ ಸ್ಟ್ರಾಂಡ್‌ಬರ್ಗ್ ಮತ್ತು ಸಂಗಡಿಗರು ಪರಿಶೀಲಿಸಿದಾಗ, ಅದರ ಸಿಹಿಸತ್ವ ಗ್ಲಿಸಿರೈಝಿನ್ ವಾರಕ್ಕೆ 500 ಮಿಲಿಗ್ರಾಂ ಮುಟ್ಟಿದವರಲ್ಲಿ 38 ವಾರ ತುಂಬುವ ಮೊದಲೇ ಹೆರಿಗೆಯಾಗುವುದು ಎರಡು ಪಟ್ಟಿಗೂ ಹೆಚ್ಚು ಕಂಡಿತು. ಕಷಾಯದ ಪುಡಿ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದುವುದು ಅದಕ್ಕೇ.

ಕೆಫೀನಿನ ಕತೆಗೆ ಇನ್ನೊಂದು ತಿರುವು ಉಳಿದಿದೆ, ಅದು ನಡೆಯುವುದು ಹೆರಿಗೆ ಕೋಣೆಯ ಪಕ್ಕದಲ್ಲಿ. ದಿನ ತುಂಬದೆ ಹುಟ್ಟಿದ ಕೂಸು ಆಗಾಗ ಉಸಿರಾಡುವುದನ್ನೇ ಮರೆಯುತ್ತದೆ. ಅದನ್ನು ನೆನಪಿಸಲು ನವಜಾತ ಶಿಶುಗಳ ತುರ್ತು ಘಟಕದಲ್ಲಿ ಕೊಡುವ ಔಷಧಿ ಕೆಫೀನ್ ಸಿಟ್ರೇಟ್. ಅದು ಕೂಸಿನ ಶ್ವಾಸಕೋಶಕ್ಕೆ ಆಗುವ ದೀರ್ಘ ಹಾನಿಯನ್ನೂ ತಗ್ಗಿಸುತ್ತದೆಂದು 2006ರಲ್ಲಿ ಬಾರ್ಬರಾ ಶ್ಮಿಟ್ ಮುಂದಾಳುತನದ ತಂಡ 2,006 ಶಿಶುಗಳಲ್ಲಿ ತೋರಿಸಿಕೊಟ್ಟಿತು. ಒಂದು ಕಿಲೋ ತೂಕದ ಕೂಸಿಗೆ ಮೊದಲ ಸಲ ಕೊಡುವ ಸಿಟ್ರೇಟಿನಲ್ಲಿ 10 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನದ ಮಿತಿ 200ನ್ನು ಪೂರಾ ಕುಡಿದ ಅರವತ್ತು ಕಿಲೋ ತೂಕದ ತಾಯಿಗೆ ಕಿಲೋಗೆ ಬೀಳುವುದು ಮೂರು ಚಿಲ್ಲರೆ ಮಿಲಿಗ್ರಾಂ. ಕೂಸಿನ ಮೈಯಿಂದ ಆ ಹತ್ತರಲ್ಲಿ ಅರ್ಧ ಇಳಿಯಲು ನಾಲ್ಕು ದಿನ ಹಿಡಿಯಬಹುದು. ಹಾಗಾಗಿ ಮರುದಿನದಿಂದ ನರ್ಸು ದಿನಕ್ಕೊಂದು ಸಲ, ಮೊದಲಿಗಿಂತ ಕಡಿಮೆ ಅಳೆದು ಕೊಡುತ್ತಾಳೆ.